ಸಿನಾಪ್ಸ್ ಮಾಡೆಲ್: ಸರಾಸರಿ ಎಲ್ಲಿ ಕೈಕೊಡುತ್ತದೆ

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಸಿನಾಪ್ಸ್ (ನರಕೋಶಗಳು ಸಂಧಿಸಿ ಸಂದೇಶ ದಾಟಿಸುವ ಜಾಗ) ಆರಿಸಿಕೊಂಡವರು ಸಮೀಕರಣಕ್ಕೆ ಕೈಹಾಕುವ ಮುನ್ನ ಕಣಗಳನ್ನು ಎಣಿಸಬೇಕು.

ಸುಮ್ಮನಿರುವ ನರತುದಿಯಲ್ಲಿ ಮುಕ್ತ ಕ್ಯಾಲ್ಸಿಯಂ 100 ನ್ಯಾನೊಮೋಲಾರ್ ಎನ್ನಿ, ತುದಿಯ ಗಾತ್ರ 0.1 ಘನ ಮೈಕ್ರೋಮೀಟರ್. ಗುಣಿಸಿ ನೋಡಿದರೆ ಸಿಗುವುದು ಆರೇ ಆರು ಅಯಾನು! ಇಷ್ಟು ಕಡಿಮೆ ಇರುವಲ್ಲಿ ಸಾಂದ್ರತೆಯನ್ನು ನುಣುಪಾದ ಗೆರೆಯಾಗಿ ಎಳೆದರೆ ಏರಿಳಿತವೆಲ್ಲ ಅಳಿಸಿಹೋಗುತ್ತದೆ.

ಏರಿಳಿತ ಯಾಕೆ ಮುಖ್ಯ? ನರತುದಿಯಲ್ಲಿ ಸಂದೇಶದ ರಾಸಾಯನಿಕ ತುಂಬಿಕೊಂಡ ಪುಟ್ಟ ಚೀಲಗಳಾದ ವೆಸಿಕಲ್‌ಗಳ ಬಿಡುಗಡೆ ಕ್ಯಾಲ್ಸಿಯಂನ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಡಾಡ್ಜ್ ಮತ್ತು ರಹಮಿಮೋಫ್ 1967ರಲ್ಲಿ ಕಪ್ಪೆಯ ನರ-ಸ್ನಾಯು ಸಂಧಿಯಲ್ಲಿ ತೋರಿಸಿದ್ದು ಇದನ್ನೇ. ಈಗ ಕ್ಯಾಲ್ಸಿಯಂ ಅರ್ಧ ಹೊತ್ತು 2, ಅರ್ಧ ಹೊತ್ತು 0 ಇದೆ ಅಂದುಕೊಳ್ಳಿ. ಸರಾಸರಿ 1, ಅದರ ನಾಲ್ಕನೇ ಘಾತವೂ 1. ಮೊದಲು ಘಾತ ತೆಗೆದು ಆಮೇಲೆ ಸರಾಸರಿ ಮಾಡಿದರೆ 8. ಮಾಡೆಲ್ ಎಂಟು ಪಟ್ಟು ತಪ್ಪಲು ಕೋಡ್‌ನಲ್ಲಿ ಬಗ್ ಇರಲೇಬೇಕೆಂದಿಲ್ಲ.

ಆದ್ದರಿಂದ ಯಾದೃಚ್ಛಿಕ ಸಂಖ್ಯೆಗಳಿಂದ ಅಣು ಅಣುವನ್ನೂ ಬೆನ್ನಟ್ಟುವ ಮಾಂಟೆ ಕಾರ್ಲೊ ವಿಧಾನವೇ ಇಲ್ಲಿ ಸರಿ. ಉಚಿತವಾಗಿ ಸಿಗುವ ಎಂಸೆಲ್ (MCell) ಸಾಫ್ಟ್‌ವೇರ್ ಇದಕ್ಕೆಂದೇ ಇದೆ. ಒಂದು ವೆಸಿಕಲ್‌ನಲ್ಲಿ ಗ್ಲುಟಮೇಟ್ ಎಂಬ ಸಂದೇಶದ ರಾಸಾಯನಿಕದ ಕೆಲವು ಸಾವಿರ ಅಣುಗಳಷ್ಟೇ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಎಡವುವುದು ಹೆಚ್ಚಾಗಿ ಲೆಕ್ಕದ ಪ್ರತಿ ಹೆಜ್ಜೆಯ ಅವಧಿಯಾದ ಟೈಮ್ ಸ್ಟೆಪ್‌ನಲ್ಲಿ. ಡಿಫ್ಯೂಷನ್ (ಅಣುಗಳ ಹರಡುವಿಕೆ) ಗುಣಾಂಕ ಮಿಲಿಸೆಕೆಂಡಿಗೆ 0.3 ಚದರ ಮೈಕ್ರೋಮೀಟರ್ ಇದ್ದರೆ 1 ಮೈಕ್ರೋಸೆಕೆಂಡಿನಲ್ಲಿ ಅಣು ಸುಮಾರು 42 ನ್ಯಾನೊಮೀಟರ್ ಜಿಗಿಯುತ್ತದೆ. ಸಿನಾಪ್ಸ್‌ನ ಸಂದು ಇರುವುದೇ 20 ನ್ಯಾನೊಮೀಟರ್! ಸ್ಟೆಪ್ 0.1ಕ್ಕೆ ಇಳಿಸಿದರೆ ಜಿಗಿತ 13ಕ್ಕೆ ಬರುತ್ತದೆ. ಅದನ್ನೂ ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ. ರಿಸೆಪ್ಟರ್‌ಗೆ (ಸಂದೇಶ ಹಿಡಿಯುವ ಪ್ರೋಟೀನ್) ಅಂಟಿದ ಅಣುಗಳ ಸರಾಸರಿ ಬದಲಾದರೆ ಇನ್ನೂ ಇಳಿಸಬೇಕು.

ಪ್ರಬಂಧಗಳಲ್ಲಿ ಸಿಗುವ ಕ್ರಿಯೆಗಳ ದರಗಳನ್ನು ಹಾಗೇ ನಕಲು ಮಾಡಬೇಡಿ. ಅನೇಕವು 22-24 ಡಿಗ್ರಿಯ ಪ್ರಯೋಗಾಲಯದಲ್ಲಿ ಅಳೆದವು. ನಮ್ಮ ಮೇ ತಿಂಗಳ ಕೋಣೆಗೇ ಹೊಂದವು, ಮಿದುಳಿನ 37 ಡಿಗ್ರಿಗಂತೂ ಇಲ್ಲ. ಹತ್ತು ಡಿಗ್ರಿಗೆ ಮೂರು ಪಟ್ಟು ವೇಗ ಹೆಚ್ಚುವ ಕ್ರಿಯೆಯಾದರೆ 22ರಿಂದ 37ಕ್ಕೆ ಐದು ಪಟ್ಟಿಗಿಂತ ಹೆಚ್ಚಾಗುತ್ತದೆ. ಡಿಫ್ಯೂಷನ್ ಅಷ್ಟು ಏರುವುದಿಲ್ಲ, ಎಲ್ಲವನ್ನೂ ಒಂದೇ ಅಂಕಿಯಿಂದ ಗುಣಿಸಬಾರದು.

ಬಿಡುಗಡೆಯ ಸಂಭವನೀಯತೆ 0.2ರ ಆಸುಪಾಸಿದ್ದರೆ 100 ರನ್‌ಗಳಲ್ಲಿ ±0.04 ದೋಷ ಉಳಿಯುತ್ತದೆ. 400 ಮಾಡಿದರೆ ±0.02. ಪ್ರತಿ ರನ್‌ಗೂ ಬೇರೆ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುಮಾಡುವ ಅಂಕಿ) ಕೊಟ್ಟು, ಸೀಡ್ ಸಂಖ್ಯೆಯನ್ನೇ ಫೈಲ್‌ನ ಹೆಸರಾಗಿಸಿ, ಮುಗಿದ ತಕ್ಷಣ ಡಿಸ್ಕ್‌ಗೆ ಬರೆಸಿ. ನಡುವೆ ಕರೆಂಟ್ ಹೋದರೂ ಉಳಿದ ಸೀಡ್‌ಗಳಿಂದ ಮುಂದುವರಿಸಬಹುದು.