ಮುಚ್ಚಿದ ಲ್ಯಾಪ್‌ಟಾಪ್, ಹೊರಗಿನ ಕೀಬೋರ್ಡ್, ಕೊಡಗಿನ ಕರೆಂಟು

ಲ್ಯಾಪ್‌ಟಾಪ್ ಮುಚ್ಚಿ ಬದಿಗಿಟ್ಟು, ದೊಡ್ಡ ಮಾನಿಟರ್ ಮತ್ತು ಬೇರೆ ಕೀಬೋರ್ಡ್ ಜೋಡಿಸಿಕೊಂಡು ಕೆಲಸ ಮಾಡುವವರು ಕೊಡಗಿನಲ್ಲಿ ಈಗ ಕಡಿಮೆಯೇನಿಲ್ಲ. ಹೋಮ್‌ಸ್ಟೇ ರಿಸೆಪ್ಷನ್, ತೋಟದ ಲೆಕ್ಕದ ಕೋಣೆ, ಗೋಣಿಕೊಪ್ಪದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರ ಮೇಜು, ಎಲ್ಲ ಕಡೆ ಇದೇ ಜೋಡಣೆ. ಕೇಳುವ ಪ್ರಶ್ನೆಯೂ ಒಂದೇ: ಪವರ್ ಬಟನ್ ಮುಚ್ಚಳದ ಒಳಗಿದೆ, ಅದನ್ನು ತೆರೆಯದೆ ಕೀಬೋರ್ಡಿನಿಂದಲೇ ಆನ್ ಮಾಡಬಹುದೇ?

ಸ್ಲೀಪ್‌ನಲ್ಲಿದ್ದರೆ ಮಾಡಬಹುದು. ಶಟ್‌ಡೌನ್ ಆಗಿದ್ದರೆ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಆಗುವುದಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡು ಗಂಟೆಗಟ್ಟಲೆ ಸೆಟ್ಟಿಂಗ್ ಹುಡುಕುವವರು ತುಂಬಾ ಜನ. ಸ್ಲೀಪ್‌ನಲ್ಲಿ ರ‍್ಯಾಮ್ (ಆಗಿನ ಕೆಲಸ ಇಟ್ಟುಕೊಳ್ಳುವ ತಾತ್ಕಾಲಿಕ ನೆನಪು) ಜೀವಂತ ಇರುತ್ತದೆ, ಯುಎಸ್‌ಬಿ ಪೋರ್ಟ್‌ಗೂ ಒಂದಿಷ್ಟು ಕರೆಂಟ್ ಸಿಗುತ್ತದೆ. ಕೀ ಒತ್ತಿದ ಕೂಡಲೇ ಕೀಬೋರ್ಡ್ 'ಏಳು' ಎಂಬ ಸಂಕೇತ ಕಳಿಸುತ್ತದೆ. ಶಟ್‌ಡೌನ್ ಆದ ಮೇಲೆ ಆ ಸಂಕೇತ ಕೇಳಿಸಿಕೊಳ್ಳಲು ಯಾರೂ ಇರುವುದಿಲ್ಲ. ಒಳಗಿನ ಸಣ್ಣ ಕಂಟ್ರೋಲರ್ ಚಿಪ್ ಪವರ್ ಬಟನ್, ಚಾರ್ಜರ್, ಮುಚ್ಚಳ ಇಂಥ ಕೆಲವನ್ನಷ್ಟೇ ಗಮನಿಸುತ್ತಿರುತ್ತದೆ. ಮಿಂಚಿನ ಗುರುತಿರುವ ಪೋರ್ಟ್ ಆಫ್ ಆದಾಗಲೂ ಫೋನ್ ಚಾರ್ಜ್ ಮಾಡುತ್ತದೆ ನಿಜ, ಆದರೆ ಅದು ಕರೆಂಟ್ ಕೊಡುತ್ತದೆಯೇ ಹೊರತು ಕೀಗೆ ಓಗೊಡುವುದಿಲ್ಲ. ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಕೀಬೋರ್ಡಿನಿಂದ ಆನ್ ಮಾಡುವ ಆಯ್ಕೆ ಇರುವುದರಿಂದ ಇಲ್ಲೂ ಇರಬೇಕೆಂದು ಅನಿಸುವುದು ಸಹಜ.

ಹಾಗಾಗಿ ಮೊದಲು ಸ್ಲೀಪ್ ಸರಿಪಡಿಸಿಕೊಳ್ಳಿ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ 'ಚೂಸ್ ವಾಟ್ ಕ್ಲೋಸಿಂಗ್ ದ ಲಿಡ್ ಡಸ್'. ಚಾರ್ಜರ್ ಇದ್ದಾಗ 'ಡೂ ನಥಿಂಗ್', ಬ್ಯಾಟರಿಯಲ್ಲಿದ್ದಾಗ 'ಸ್ಲೀಪ್' ಇರಲಿ. ಬ್ಯಾಟರಿಗೂ 'ಡೂ ನಥಿಂಗ್' ಕೊಟ್ಟರೆ, ಮುಚ್ಚಿ ಬ್ಯಾಗಿಗೆ ಹಾಕಿಕೊಂಡ ಲ್ಯಾಪ್‌ಟಾಪ್ ಒಳಗೇ ಓಡುತ್ತಾ ಬಿಸಿಯಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತು ಹಾಗೆ ಬಿಸಿಯಾದರೆ ಬ್ಯಾಟರಿಗೆ ಒಳ್ಳೆಯದಲ್ಲ.

ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಕೀಬೋರ್ಡ್ಸ್ ವಿಭಾಗ ನೋಡಿ. ಒಂದೇ ಹೆಸರಿನ ಎರಡು ಮೂರು ಸಾಲು ಕಾಣಬಹುದು. ಹೊರಗಿನ ಕೀಬೋರ್ಡಿನ ಕೇಬಲ್ ಕಿತ್ತಾಗ ಯಾವ ಸಾಲು ಮಾಯವಾಗುತ್ತದೋ ಅದೇ ನಿಮ್ಮದು. ಅದರ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್, 'ಅಲೋ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್' ಎಂಬಲ್ಲಿ ಟಿಕ್ ಹಾಕಿ. ಮೌಸ್‌ಗೆ ಅದೇ ಟಿಕ್ ಇದ್ದರೆ ತೆಗೆಯಿರಿ. ಮೇಜು ಅಲುಗಿದರೂ ಸಾಕು, ಮೌಸ್ ರಾತ್ರಿಯೆಲ್ಲ ಲ್ಯಾಪ್‌ಟಾಪನ್ನು ಎಬ್ಬಿಸುತ್ತಿರುತ್ತದೆ. ಡೆಲ್‌ನ ಹಲವು ಮಾದರಿಗಳಲ್ಲಿ ಬಯೋಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಒಳಗೂ 'ಯುಎಸ್‌ಬಿ ವೇಕ್ ಸಪೋರ್ಟ್' ಇದೆ, ಅದನ್ನೂ ಆನ್ ಮಾಡಬೇಕು. ಬಯೋಸ್‌ಗೆ ಹೋಗಲು, ಆನ್ ಆಗುತ್ತಿರುವಾಗಲೇ ಒತ್ತಬೇಕಾದ ಕೀ ಡೆಲ್‌ನಲ್ಲಿ ಎಫ್2, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಎಚ್‌ಪಿಯಲ್ಲಿ ಎಫ್10.

ಪವರ್ ಮ್ಯಾನೇಜ್‌ಮೆಂಟ್ ಟ್ಯಾಬೇ ಕಾಣದಿದ್ದರೆ ಗಾಬರಿ ಬೇಡ. ಕಮಾಂಡ್ ಪ್ರಾಂಪ್ಟ್ (ವಿಂಡೋಸ್‌ಗೆ ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಪವರ್ ಎಂಬ ಇಂಗ್ಲಿಷ್ ಪದಕ್ಕೆ ಸಿ, ಎಫ್, ಜಿ ಅಂಟಿಸಿ ಬರೆದು, ಜಾಗ ಬಿಟ್ಟು, ಸ್ಲ್ಯಾಶ್ ಮತ್ತು ಎ ಟೈಪ್ ಮಾಡಿ. ಮೊದಲು ಬರುವ, ಲಭ್ಯವಿರುವ ಸ್ಲೀಪ್‌ಗಳ ಪಟ್ಟಿಯಲ್ಲಿ ಎಸ್3 ಇದ್ದರೆ ಹಳೆಯ ಬಗೆಯ ಸ್ಲೀಪ್. ಎಸ್0 ಲೋ ಪವರ್ ಐಡಲ್ ಎಂದಿದ್ದರೆ ಹೊಸ ಬಗೆಯದು. ಇದರಲ್ಲಿ ಆ ಟ್ಯಾಬ್ ಸಾಮಾನ್ಯವಾಗಿ ಇರುವುದಿಲ್ಲ, ಯುಎಸ್‌ಬಿ ಕೀಬೋರ್ಡ್ ತಾನಾಗಿಯೇ ಎಬ್ಬಿಸುತ್ತದೆ. ಮಾನಿಟರ್ ಕೇಬಲ್ ಮಾತ್ರ ಜೋಡಿಸಿಯೇ ಇರಲಿ.

ಇನ್ನು, ಊಟ ಮುಗಿಸಿ ಬಂದಾಗ ಎದ್ದ ಲ್ಯಾಪ್‌ಟಾಪ್ ಬೆಳಿಗ್ಗೆ ಏಳುವುದಿಲ್ಲ ಎಂಬ ದೂರು. ಕಾರಣ ಹೆಚ್ಚಾಗಿ ಹೈಬರ್ನೇಟ್. ಕೆಲವು ಗಂಟೆ ಸ್ಲೀಪ್‌ನಲ್ಲಿದ್ದ ಮೇಲೆ ವಿಂಡೋಸ್ ಎಲ್ಲವನ್ನೂ ಡಿಸ್ಕ್‌ಗೆ ಬರೆದು ಪೂರ್ತಿ ಆಫ್ ಆಗುತ್ತದೆ, ಆಮೇಲೆ ಕೀಬೋರ್ಡ್ ಮಾತು ನಡೆಯುವುದಿಲ್ಲ. ಅಡ್ವಾನ್ಸ್‌ಡ್ ಪವರ್ ಸೆಟ್ಟಿಂಗ್ಸ್‌ನ ಸ್ಲೀಪ್ ಕೆಳಗೆ 'ಹೈಬರ್ನೇಟ್ ಆಫ್ಟರ್' ಎಂಬುದಿದ್ದರೆ 'ನೆವರ್' ಮಾಡಿ. ಬ್ಲೂಟೂತ್ ಕೀಬೋರ್ಡನ್ನೂ ಈ ಕೆಲಸಕ್ಕೆ ನಂಬಬೇಡಿ: ಎಸ್3 ಸ್ಲೀಪ್‌ನಲ್ಲಿ ಬ್ಲೂಟೂತ್ ರೇಡಿಯೊ ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಆನ್ ಆಗುವಾಗ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಪಿನ್ ಕೇಳುವ ಪರದೆಯಲ್ಲೂ ಅದು ಕೆಲಸ ಮಾಡುವುದಿಲ್ಲ. ತಂತಿಯದ್ದು, ಇಲ್ಲವೇ ಸಣ್ಣ ಯುಎಸ್‌ಬಿ ಡಾಂಗಲ್ ಇರುವ ವೈರ್‌ಲೆಸ್ ವಾಸಿ.

ಕೀಬೋರ್ಡನ್ನು ಡಾಕ್‌ಗೆ ಅಥವಾ ಹಬ್‌ಗೆ (ಒಂದೇ ಪೋರ್ಟಿನಿಂದ ಹಲವು ಸಾಧನ ಜೋಡಿಸುವ ಪೆಟ್ಟಿಗೆಗಳು) ಹಾಕದೆ ನೇರ ಲ್ಯಾಪ್‌ಟಾಪ್‌ಗೇ ಸಿಕ್ಕಿಸಿ. ಎಬ್ಬಿಸುವ ಸಂಕೇತ ಕೆಲವು ಹಬ್‌ಗಳಲ್ಲೇ ನಿಂತುಬಿಡುತ್ತದೆ ಎಂಬುದು ಒಂದು ಕಾರಣ. ನಮ್ಮ ಕಡೆಗೆ ಇನ್ನೂ ದೊಡ್ಡ ಕಾರಣ ಮಳೆಗಾಲ. ಮರ ಬಿದ್ದು ಕರೆಂಟ್ ಹೋದಾಗ ಮಾನಿಟರ್, ಡಾಕ್, ಡಾಕ್‌ಗೆ ಹಾಕಿದ ಕೀಬೋರ್ಡ್ ಎಲ್ಲ ಒಟ್ಟಿಗೆ ಸಾಯುತ್ತವೆ. ಲ್ಯಾಪ್‌ಟಾಪ್ ಮಾತ್ರ ಸಾಮಾನ್ಯವಾಗಿ ಮುಚ್ಚಳದಡಿ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ; ಬ್ಯಾಟರಿಗೆ ಕೊಟ್ಟ 'ಸ್ಲೀಪ್' ಮುಚ್ಚಳ ಮುಚ್ಚುವ ಕ್ಷಣಕ್ಕೆ ಮಾತ್ರ. ಕೀಬೋರ್ಡ್ ನೇರವಾಗಿದ್ದರೆ ಪರದೆ ಕಾಣದಿದ್ದರೂ ಕೆಲಸ ಉಳಿಸಬಹುದು. ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ. ನಂತರ ವಿಂಡೋಸ್ ಕೀ ಜೊತೆ ಎಕ್ಸ್, ಕೈಬಿಟ್ಟು ಯು, ಆಮೇಲೆ ಎಸ್: ಸ್ಲೀಪ್‌ಗೆ ಹೋಗುತ್ತದೆ. ಕೊನೆಯಲ್ಲಿ ಎಸ್ ಬದಲು ಮತ್ತೊಮ್ಮೆ ಯು ಒತ್ತಿದರೆ ಶಟ್‌ಡೌನ್. ವಿಂಡೋಸ್ ಇಂಗ್ಲಿಷ್‌ನಲ್ಲಿದ್ದರೆ ಈ ಅಕ್ಷರಗಳೇ ನಡೆಯುತ್ತವೆ. ಬೆಳಕಿರುವಾಗ ಎರಡು ಸಲ ಮಾಡಿ ಬೆರಳಿಗೆ ರೂಢಿ ಮಾಡಿಕೊಳ್ಳಿ.

ರಾತ್ರಿಗೆ ಮಾತ್ರ ಸ್ಲೀಪ್ ಬೇಡ. ಹೂಮಳೆ ಶುರುವಾಗುವ ಮಾರ್ಚ್, ಏಪ್ರಿಲ್‌ನಿಂದಲೇ ಇಲ್ಲಿ ಗುಡುಗು ಸಿಡಿಲು. ಶಟ್‌ಡೌನ್ ಮಾಡಿ ಚಾರ್ಜರ್ ಪ್ಲಗ್ ಕಿತ್ತಿಡುವುದೇ ಕ್ಷೇಮ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ತಾಮ್ರದ ಲ್ಯಾನ್ ಕೇಬಲ್, ಮಾನಿಟರಿನ ಎಚ್‌ಡಿಎಂಐ ಕೇಬಲ್ ಕೂಡ ಕಿತ್ತಿಡಿ, ಏಕೆಂದರೆ ಮಾನಿಟರ್ ಕೂಡ ಗೋಡೆಯ ಪ್ಲಗ್‌ನಲ್ಲೇ ಇರುತ್ತದೆ.

ಹಾಗಾದರೆ ಬೆಳಿಗ್ಗೆ ಮುಚ್ಚಳ ತೆರೆಯದೆ ಆನ್ ಮಾಡುವುದು ಹೇಗೆ? ಇದಕ್ಕೆ ಕೀಬೋರ್ಡಿಗಿಂತ ಒಳ್ಳೆಯ ದಾರಿ ಇದೆ. ಥಿಂಕ್‌ಪ್ಯಾಡ್ ಬಯೋಸ್‌ನ 'ಪವರ್ ಆನ್ ವಿತ್ ಎಸಿ ಅಟ್ಯಾಚ್', ಡೆಲ್‌ನ 'ವೇಕ್ ಆನ್ ಎಸಿ', ಎಚ್‌ಪಿಯ ಆಫೀಸ್ ಮಾದರಿಗಳಲ್ಲಿನ 'ಪವರ್ ಆನ್ ವೆನ್ ಎಸಿ ಡಿಟೆಕ್ಟೆಡ್', ಮೂರರ ಕೆಲಸವೂ ಒಂದೇ: ಚಾರ್ಜರಿನಿಂದ ಕರೆಂಟ್ ಬಂದ ಕೂಡಲೇ ಆನ್. ಪ್ಲಗ್ ಹಾಕಿ ಗೋಡೆಯ ಸ್ವಿಚ್ ಒತ್ತಿದರೆ ಆಯಿತು, ಅದೇ ನಿಮ್ಮ ಪವರ್ ಬಟನ್. ರಾತ್ರಿ ಪ್ಲಗ್ ಕೀಳುವ ಅಭ್ಯಾಸ ಇರುವವರಿಗೆ ಹೇಳಿ ಮಾಡಿಸಿದಂತಿದೆ. ಆ ಅಭ್ಯಾಸ ಇಲ್ಲದವರು ಇದನ್ನು ಮುಟ್ಟಲೇಬೇಡಿ. ಜುಲೈ ತಿಂಗಳ ರಾತ್ರಿ ಕರೆಂಟ್ ಬಂದು ಹೋಗಿ ಮಾಡುವಾಗ, ಪ್ಲಗ್‌ನಲ್ಲೇ ಬಿಟ್ಟ ಲ್ಯಾಪ್‌ಟಾಪ್ ಯಾರೂ ಇಲ್ಲದ ಕೋಣೆಯಲ್ಲಿ ತಾನಾಗಿ ಆನ್ ಆಗಿಬಿಡುತ್ತದೆ.

ದುಡ್ಡು ಹಾಕುವುದಾದರೆ ಪವರ್ ಬಟನ್ ಇರುವ ಡಾಕ್ ಕೊಳ್ಳಬಹುದು, ಆದರೆ ಲ್ಯಾಪ್‌ಟಾಪ್ ಕಂಪನಿಯದ್ದೇ ಆಗಬೇಕು. ಡೆಲ್ ಡಾಕ್‌ನ ಬಟನ್ ಲೆನೊವೊವನ್ನು ಆನ್ ಮಾಡುತ್ತದೆ ಎಂದು ನಂಬಿ ಸೆಕೆಂಡ್ ಹ್ಯಾಂಡ್ ತರಬೇಡಿ.

ಮ್ಯಾಕ್‌ಬುಕ್ ಮುಚ್ಚಿ ಬಳಸಲು ಚಾರ್ಜರ್, ಮಾನಿಟರ್, ಕೀಬೋರ್ಡ್ ಜೊತೆಗೆ ಮೌಸ್ ಬೇಕು. ಸ್ಲೀಪ್‌ನಿಂದ ಯಾವ ಕೀ ಒತ್ತಿದರೂ ಏಳುತ್ತದೆ. ಲಿನಕ್ಸ್‌ನಲ್ಲಿ ಲಾಗಿನ್‌ಡಿ ಎಂಬ ಸೇವೆಯ ಸೆಟ್ಟಿಂಗ್ ಕಡತದ 'ಹ್ಯಾಂಡಲ್ ಲಿಡ್ ಸ್ವಿಚ್' ಸಾಲಿಗೆ 'ಇಗ್ನೋರ್' ಕೊಡಿ, ಕೀಬೋರ್ಡಿನ ಯುಎಸ್‌ಬಿ ಫೋಲ್ಡರಿನಲ್ಲಿರುವ 'ವೇಕಪ್' ಕಡತಕ್ಕೆ 'ಎನೇಬಲ್ಡ್' ಎಂದು ಬರೆಯಿರಿ. ಈ ಎರಡನೆಯದು ರೀಸ್ಟಾರ್ಟ್ ಆದಾಗ ಅಳಿಸಿಹೋಗುತ್ತದೆ, ಉಳಿಯಬೇಕಾದರೆ ಯುಡೆವ್ ನಿಯಮ (ಸಾಧನ ಜೋಡಣೆಯಾದಾಗ ತಾನಾಗಿ ಜಾರಿಯಾಗುವ ಸೂಚನೆ) ಬೇಕು.

ಇಷ್ಟೆಲ್ಲ ಆದ ಮೇಲೆ ಎಲ್ಲಿ ಇಡುತ್ತೀರಿ ಎಂಬುದನ್ನೂ ನೋಡಿ. ಹಲವು ಲ್ಯಾಪ್‌ಟಾಪ್‌ಗಳ ಬಿಸಿಗಾಳಿ ಹಿಂಜ್ (ಮುಚ್ಚಳದ ಕೀಲು) ಹತ್ತಿರದಿಂದಲೇ ಹೊರಬರುತ್ತದೆ. ನಿಲ್ಲಿಸಿಡುವ ಸ್ಟ್ಯಾಂಡ್‌ನಲ್ಲಿ ಆ ಬದಿ ಮೇಲಿರಲಿ. ಎರಡು ಲ್ಯಾಪ್‌ಟಾಪ್ ಒಂದರ ಮೇಲೊಂದು ಇಡಬೇಡಿ: ಮುಚ್ಚಳ ಮುಚ್ಚಿದೆ ಎಂದು ತಿಳಿಯುವುದು ಅಯಸ್ಕಾಂತದಿಂದ, ಕೆಳಗಿನದರ ಅಯಸ್ಕಾಂತ ತಾಗಿ ಮೇಲಿನದು ತೆರೆದಿದ್ದರೂ ಸ್ಲೀಪ್‌ಗೆ ಹೋಗಿಬಿಡಬಹುದು.