ಸ್ಟ್ರೇನ್ ಗೇಜ್ ರೀಡಿಂಗ್ ಕುಣಿಯುತ್ತಿದ್ದರೆ ಎಲ್ಲಿಂದ ಹುಡುಕಬೇಕು

ಸ್ಟ್ರೇನ್ ಗೇಜ್ ಎಂದರೆ ಲೋಹಕ್ಕೆ ಅಂಟಿಸುವ ತೆಳು ಪಟ್ಟಿ, ಲೋಹ ಹಿಗ್ಗಿ ಕುಗ್ಗಿದಂತೆ ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ. ಒಂದು ಉದಾಹರಣೆ: 350 ಓಮ್ ಗೇಜ್, ಗೇಜ್ ಫ್ಯಾಕ್ಟರ್ (ಹಿಗ್ಗಿದ್ದಕ್ಕೆ ರೆಸಿಸ್ಟೆನ್ಸ್ ಎಷ್ಟು ಪಟ್ಟು ಬದಲಾಗುತ್ತದೆ ಎಂಬ ಲೆಕ್ಕ) 2, ಕ್ವಾರ್ಟರ್ ಬ್ರಿಡ್ಜ್ (ನಾಲ್ಕು ರೆಸಿಸ್ಟರ್‌ಗಳ ಜೋಡಣೆಯಲ್ಲಿ ಒಂದು ಮಾತ್ರ ಗೇಜ್), 5 ವೋಲ್ಟ್ ಎಕ್ಸೈಟೇಶನ್ (ಬ್ರಿಡ್ಜ್‌ಗೆ ಕೊಡುವ ವೋಲ್ಟೇಜ್). ಈ ಲೆಕ್ಕದಲ್ಲಿ 1 ಮೈಕ್ರೋಸ್ಟ್ರೇನ್‌ಗೆ (ಉದ್ದದಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗದ ಬದಲಾವಣೆ) ಸಿಗುವುದು ಬರೀ 2.5 ಮೈಕ್ರೋವೋಲ್ಟ್. 100 ಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ ಬ್ರಿಡ್ಜ್‌ನ ಸ್ವಂತ ಥರ್ಮಲ್ ನಾಯ್ಸ್ ಸುಮಾರು 24 ನ್ಯಾನೋವೋಲ್ಟ್, ಅಂದರೆ 0.01 ಮೈಕ್ರೋಸ್ಟ್ರೇನ್. ಹಾಗಾಗಿ ರೀಡಿಂಗ್ ಹತ್ತು ಮೈಕ್ರೋಸ್ಟ್ರೇನ್ ಆಚೀಚೆ ಕುಣಿಯುತ್ತಿದ್ದರೆ ಗೇಜನ್ನು ದೂರಬೇಡಿ. ಸಾಫ್ಟ್‌ವೇರಿನಲ್ಲಿ ಆವರೇಜ್ ಹಾಕುವುದಕ್ಕೂ ಅವಸರ ಬೇಡ. ಅದರಿಂದ ಕಾರಣ ಮುಚ್ಚಿಹೋಗುತ್ತದೆ, ಅಷ್ಟೇ.

ಮೊದಲು ಎಕ್ಸೈಟೇಶನ್ ಸೊನ್ನೆ ಮಾಡಿ ನೋಡಿ. ಕುಣಿತ ಹಾಗೇ ಉಳಿದರೆ ಅದು ವೈರು ಹಿಡಿದು ತಂದದ್ದು, ಇಲ್ಲವೇ ಆಂಪ್ಲಿಫೈಯರ್‌ನದ್ದು. ನಿಂತುಹೋದರೆ ಎಕ್ಸೈಟೇಶನ್ ಸಪ್ಲೈಯನ್ನೋ, ನಿಜವಾದ ಕಂಪನವನ್ನೋ ಅನುಮಾನಿಸಿ. ಎಚ್‌ಎಕ್ಸ್711 ಮಾಡ್ಯೂಲ್‌ನಲ್ಲಿ (ಬ್ರಿಡ್ಜ್ ಸಿಗ್ನಲನ್ನು ಹಿಗ್ಗಿಸಿ ಅಂಕಿಯಾಗಿಸುವ ಚಿಪ್) ಹೀಗೆ ಮಾಡಲಾಗದು, ಅದರ ಇನ್‌ಪುಟ್ ಗ್ರೌಂಡಿಗಿಂತ 1.2 ವೋಲ್ಟ್ ಮೇಲೇ ಇರಬೇಕು. ಅದಕ್ಕೆ ಬ್ರಿಡ್ಜ್ ಕಳಚಿ, ಎಕ್ಸೈಟೇಶನ್ ತುದಿಗಳಾದ ಇ+ ಮತ್ತು ಇ− ನಡುವೆ 1 ಕಿಲೋಓಮ್‌ನ ಎರಡು ರೆಸಿಸ್ಟರ್ ಸಾಲಾಗಿ ಹಾಕಿ, ಇನ್‌ಪುಟ್ ತುದಿಗಳಾದ ಎ+ ಮತ್ತು ಎ− ಎರಡನ್ನೂ ಅವುಗಳ ನಡುಬಿಂದುವಿಗೆ ಜೋಡಿಸಿ. ಗೇನ್ (ಸಿಗ್ನಲ್ ಹಿಗ್ಗಿಸುವ ಪಟ್ಟು) 128ರಲ್ಲಿ ಚಿಪ್ಪಿನ ಸ್ವಂತ ನಾಯ್ಸ್ 50 ನ್ಯಾನೋವೋಲ್ಟ್, ಸುಮಾರು 20 ಕೌಂಟ್ (ಚಿಪ್ ಕೊಡುವ ಅಂಕಿಯ ಮೆಟ್ಟಿಲು). ಸಾವಿರಗಟ್ಟಲೆ ಕೌಂಟ್ ಕುಣಿದರೆ ಸಪ್ಲೈ ಸರಿಯಿಲ್ಲ. ಶಾಂತವಾಗಿದ್ದರೆ ತೊಂದರೆ ಕೇಬಲ್ ಕಡೆ.

ಕೇಬಲ್‌ನಲ್ಲಿ ಎರಡು ಬೇರೆ ಬೇರೆ ರೋಗಗಳಿವೆ, ಮದ್ದೂ ಬೇರೆ. ವಿದ್ಯುತ್ ಕ್ಷೇತ್ರದಿಂದ ಬರುವುದನ್ನು ಶೀಲ್ಡ್ (ವೈರುಗಳ ಸುತ್ತಲಿನ ಲೋಹದ ಹೊದಿಕೆ) ತಡೆಯುತ್ತದೆ. ಪಕ್ಕದ ಮೋಟಾರ್ ವೈರಿನ ಕರೆಂಟಿನಿಂದ ಹುಟ್ಟುವ 50 ಹರ್ಟ್ಸ್ ಕಾಂತಕ್ಷೇತ್ರವನ್ನು ತೆಳು ಫಾಯಿಲ್ ಶೀಲ್ಡ್ ತಡೆಯುವುದೇ ಇಲ್ಲ. ಅದಕ್ಕೆ ವೈರುಗಳನ್ನು ಹೆಣೆಯಬೇಕು, ದೂರ ಇಡಬೇಕು. ಸಿಗ್ನಲ್ ವೈರುಗಳಾದ (ಎಚ್‌ಎಕ್ಸ್711ರ ಎ+, ಎ−ಗೆ ಹೋಗುವ) ಎಸ್+ ಮತ್ತು ಎಸ್− ಒಂದು ಜೋಡಿ, ಇ+ ಮತ್ತು ಇ− ಇನ್ನೊಂದು. ಶೀಲ್ಡ್ ಇರುವ ನೆಟ್‌ವರ್ಕ್ ಕೇಬಲ್ ಬಳಸುವವರು ಬಣ್ಣ ನೋಡಿ ಸಾಲಾಗಿ ಕಟ್ಟುವಾಗ ಒಂದು ಜೋಡಿಯಲ್ಲಿ ಒಂದು ಸಿಗ್ನಲ್, ಒಂದು ಎಕ್ಸೈಟೇಶನ್ ಸೇರಿಸಿಬಿಡುತ್ತಾರೆ. ಆಗ ಹೆಣಿಗೆ ಇದ್ದೂ ಇಲ್ಲದಂತೆ. ಟರ್ಮಿನಲ್ ಹತ್ತಿರ ಹೆಣಿಗೆ ಬಿಚ್ಚಿದ ಭಾಗ 1–2 ಸೆಂ.ಮೀ. ಮೀರದಿರಲಿ. ಪವರ್ ಕೇಬಲ್‌ನಿಂದ ಒಂದಡಿಯಾದರೂ ದೂರ, ದಾಟಲೇಬೇಕಾದರೆ ಲಂಬವಾಗಿ. ಶೀಲ್ಡನ್ನು ಆಂಪ್ಲಿಫೈಯರ್ ತುದಿಯಲ್ಲಿ ಮಾತ್ರ ಕಟ್ಟಿ, ಗೇಜ್ ತುದಿಗೆ ಸ್ಲೀವ್ ಹಾಕಿ. ಎರಡೂ ಕಡೆ ಕಟ್ಟಿದರೆ ಎರಡು ಗ್ರೌಂಡುಗಳ ನಡುವಿನ ವೋಲ್ಟೇಜ್ ಶೀಲ್ಡಿನಲ್ಲೇ ಕರೆಂಟ್ ಹರಿಸುತ್ತದೆ. ಯಂತ್ರದ ಮೈಯನ್ನು ದಪ್ಪ, ಗಿಡ್ಡ ವೈರಿನಿಂದ ಆಂಪ್ಲಿಫೈಯರ್ ಗ್ರೌಂಡಿಗೆ ಸೇರಿಸುವುದು ಬೇರೆ ಕೆಲಸ, ಅದನ್ನು ಮರೆಯಬೇಡಿ.

ಎಚ್‌ಎಕ್ಸ್711 ವೇಗ ಸಾಲದೆಂದು ಸೆಕೆಂಡಿಗೆ 10 ಸ್ಯಾಂಪಲ್‌ನಿಂದ 80ಕ್ಕೆ ಏರಿಸುತ್ತಾರೆ. 10ರಲ್ಲಿ ಚಿಪ್ಪೇ 50 ಹರ್ಟ್ಸನ್ನು ಸೋಸಿಬಿಡುತ್ತದೆ. 80ರಲ್ಲಿ ಆ ಅನುಕೂಲ ಹೋಗಿ, 50 ಹರ್ಟ್ಸ್ ಗುಂಯ್ ಎನ್ನುವುದು 30 ಹರ್ಟ್ಸ್ ಕಂಪನದ ವೇಷದಲ್ಲಿ ಕಾಣುತ್ತದೆ. ಅದನ್ನು ಯಂತ್ರದ ಕಂಪನವೆಂದೇ ನಂಬಿದರೆ ಕಷ್ಟ.

ಇನ್‌ಪುಟ್‌ನಲ್ಲಿ ಆರ್‌ಸಿ ಫಿಲ್ಟರ್ (ರೆಸಿಸ್ಟರ್, ಕೆಪ್ಯಾಸಿಟರ್ ಸೇರಿಸಿ ನಾಯ್ಸ್ ಸೋಸುವ ಜೋಡಣೆ) ಹಾಕುವವರು ಎರಡು ಸಿಗ್ನಲ್ ಗೆರೆಗಳಿಂದ ಗ್ರೌಂಡಿಗೆ ತಲಾ 10 ನ್ಯಾನೋಫ್ಯಾರಡ್ ಇಟ್ಟರೆ, ಗೆರೆಗಳ ನಡುವೆ ಕನಿಷ್ಠ 100 ನ್ಯಾನೋಫ್ಯಾರಡ್ ಇಡಿ. ಗ್ರೌಂಡಿನ ಕೆಪ್ಯಾಸಿಟರ್‌ಗಳು ಎಂದೂ ಪೂರ್ತಿ ಸಮ ಇರುವುದಿಲ್ಲ. ಆ ವ್ಯತ್ಯಾಸ ಕಾಮನ್ ಮೋಡ್ ನಾಯ್ಸನ್ನು (ಎರಡೂ ಗೆರೆಗಳಲ್ಲಿ ಒಂದೇ ಸಮ ಬರುವ ನಾಯ್ಸ್) ಸಿಗ್ನಲ್ ಆಗಿಸುತ್ತದೆ.

ಇಷ್ಟಾದರೂ ರೀಡಿಂಗ್ ನಿಲ್ಲದೆ, ಮಳೆಗಾಲದಲ್ಲಿ ಹೆಚ್ಚಾದರೆ ಗೇಜಿಗೂ ಲೋಹಕ್ಕೂ ನಡುವಿನ ಇನ್ಸುಲೇಶನ್ ಅಳೆಯಿರಿ. ಸಾವಿರ ಮೆಗಾಓಮ್ ಮೇಲಿರಬೇಕು. 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಮಾತ್ರ ಬೇಡ, ಗೇಜಿನ ತೆಳು ಬ್ಯಾಕಿಂಗ್ ತೂತಾಗಬಹುದು. 50 ವೋಲ್ಟಿಗಿಂತ ಕಡಿಮೆಯಲ್ಲಿ ಅಳೆಯುವ ಮೀಟರ್ ಹುಡುಕಿ.