ಮಾತ್ರೆ ಯಾವುದು ಅಂತ ಯಾರೂ ಕೇಳಿರಲಿಲ್ಲ

‘ವ್ಯಾಯಾಮ ಮಾಡ್ತೀನಿ, ನೋಡ್ಕೊಂಡು ತಿಂತೀನಿ, ಆದ್ರೂ ತೂಕ ಏರ್ತಿದೆ’ ಅಂತ ಹೇಳಿ ನೋಡಿ. ಕೇಳಿದವರ ತುಟಿಯಂಚಿನಲ್ಲಿ ಸಣ್ಣ ನಗು ಬರುತ್ತದೆ. ಇವಳು ಕದ್ದು ತಿಂತಾಳೆ ಅಂತ ಅದರರ್ಥ. ನಮ್ಮಕ್ಕನಿಗೆ ಆ ದಾಕ್ಷಿಣ್ಯವೂ ಇಲ್ಲ. ‘ರಾತ್ರಿ ಎದ್ದು ಫ್ರಿಜ್ ತೆಗೀತೀಯೇನೇ?’ ಅಂತ ನೇರವಾಗಿಯೇ ಕೇಳಿದಳು.

ನನಗೆ ಏರಿದ್ದು ನಾಲ್ಕೈದು ಕಿಲೋ. ಕೇಳುವವರಿಗೆ ದೊಡ್ಡದಲ್ಲ. ಆದರೆ ಬೆಳಗಾಗೆದ್ದು ಬೆವರು ಸುರಿಸಿ, ತಟ್ಟೆಯಲ್ಲಿ ಅರ್ಧ ಜಾಗ ತರಕಾರಿಗೆ ಬಿಟ್ಟುಕೊಟ್ಟ ಮೇಲೂ ತೂಕ ಏರುತ್ತಲೇ ಹೋದರೆ ಸಿಟ್ಟು ಬರದೆ ಇರುತ್ತದೆಯೇ?

ಜಿಮ್‌ನ ಟ್ರೈನರ್ ಹುಡುಗ ಮಾತ್ರ ‘ಅದು ಮಸಲ್ ವೇಟ್ ಮೇಡಂ, ಖುಷಿಪಡಿ’ ಅಂದ. ಅವನ ಮಾತಿನಲ್ಲಿ ಒಂದಿಷ್ಟು ನಿಜವಿದೆ. ಹೊಸದಾಗಿ ಭಾರ ಎತ್ತಲು ಶುರುಮಾಡಿದವರ ಸ್ನಾಯುಗಳು ಗ್ಲೈಕೋಜೆನ್, ಅಂದರೆ ಕೂಡಿಟ್ಟ ಸಕ್ಕರೆಯ ದಾಸ್ತಾನನ್ನು ಹೆಚ್ಚಿಸಿಕೊಳ್ಳುತ್ತವೆ. ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಬಂದು ಕೂರುತ್ತದೆ. ಮೈಕೈ ನೋವಿನ ದಿನಗಳಲ್ಲಿ ಸ್ನಾಯು ಇನ್ನಷ್ಟು ನೀರು ಹಿಡಿದುಕೊಳ್ಳುತ್ತದೆ. ಹಾಗಾಗಿ ಶುರುವಿನ ವಾರಗಳಲ್ಲಿ ಒಂದೆರಡು ಕಿಲೋ ಏರಿದರೆ ಗಾಬರಿಯಾಗಬೇಕಿಲ್ಲ. ಆದರೆ ನಾನು ಜಿಮ್‌ಗೆ ಹೊಸಬಳಲ್ಲ, ಮುಟ್ಟಿನ ಮುಂಚೆ ಏರಿ ಆಮೇಲೆ ಇಳಿಯುವ ನೀರಿನ ತೂಕವೂ ಇದಲ್ಲ. ಇದು ಏರಿದ್ದು ಏರಿಕೊಂಡೇ ಇತ್ತು.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಮನಸ್ಸಿನಲ್ಲಿ ಥೈರಾಯ್ಡ್ ಅಂತ ತೀರ್ಮಾನವೇ ಆಗಿತ್ತು. ನಿಜ ಹೇಳಬೇಕೆಂದರೆ ಹಾಗೇ ಆಗಲಿ ಅಂತ ಆಸೆಯೂ ಇತ್ತು. ಅಕ್ಕನ ಬಾಯಿ ಮುಚ್ಚಿಸಲು ಒಂದು ರಿಪೋರ್ಟ್ ಬೇಕಿತ್ತು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸ್ಥಿತಿ ಹೇಳುವ ಟಿಎಸ್‌ಎಚ್ ಸರಿಯಾಗಿಯೇ ಇತ್ತು. ಥೈರಾಯ್ಡ್ ಕಡಿಮೆಯಾದರೂ ಸಾಮಾನ್ಯವಾಗಿ ಏರುವುದು ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು ಅಂದರು ಡಾಕ್ಟರು.

ಆಮೇಲೆ ಟೇಪು ತೆಗೆದರು. ನಾನು ಅಭ್ಯಾಸಬಲದಿಂದ ಹೊಟ್ಟೆ ಒಳಕ್ಕೆ ಎಳೆದುಕೊಂಡೆ. ‘ಎಳ್ಕೋಬೇಡಿ, ಮಾಮೂಲಾಗಿ ಉಸಿರು ಬಿಡಿ’ ಅಂದರು. ಕೊನೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಿನಿಂದ ಒತ್ತಿ ಹುಡುಕಿ, ಎರಡರ ನಡುಮಧ್ಯೆ ಟೇಪು ಸುತ್ತಿ, ಉಸಿರು ಹೊರಬಿಟ್ಟ ಗಳಿಗೆಯಲ್ಲಿ ಓದಿಕೊಂಡರು. ಹೊಕ್ಕುಳ ಮೇಲೆ ಎಲ್ಲೋ ಒಂದು ಕಡೆ ಸುತ್ತಿ ನೋಡುವುದಷ್ಟೇ ನನಗೆ ಗೊತ್ತಿದ್ದದ್ದು. ಹಳೆಯ ಆರೋಗ್ಯ ತಪಾಸಣೆಯ ಕಾಗದದಲ್ಲಿ ನನ್ನ ಸೊಂಟದ ಅಳತೆ ಇತ್ತು. ಈಗಿನದು ಅದಕ್ಕಿಂತ ಜಾಸ್ತಿ. ಮಸಲ್ ವೇಟಿನ ಮಾತು ಅಲ್ಲಿಗೆ ಮುಗಿಯಿತು.

‘ಮಾತ್ರೆ ಏನಾದ್ರೂ ತಗೋತೀರಾ?’

‘ತಲೆನೋವಿಗೆ ಒಂದು, ಅಷ್ಟೇ.’

‘ನೋವು ಬಂದಾಗ ತಗೊಳ್ಳೋದಾ, ದಿನಾ ತಗೊಳ್ಳೋದಾ?’

ದಿನಾ ತಗೊಳ್ಳುವುದು. ಮೈಗ್ರೇನ್ ಬರದಂತೆ ತಡೆಯಲು ರಾತ್ರಿ ಮಲಗುವ ಮುಂಚೆ ಒಂದು. ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಕೊಟ್ಟೆ. ಹೆಸರಿದ್ದ ಕಡೆ ಅರ್ಧ ಹರಿದಿತ್ತು. ಅವರು ಅದನ್ನು ಬೆಳಕಿಗೆ ಓರೆ ಹಿಡಿದು ಸಣ್ಣಕ್ಷರ ಓದಿದರು: ಅಮಿಟ್ರಿಪ್ಟಿಲಿನ್. ‘ಬೆಳಿಗ್ಗೆ ಬಾಯಿ ಒಣಗುತ್ತಾ?’ ಅಂತ ಕೇಳಿದರು. ಒಣಗುತ್ತಿತ್ತು. ‘ಸಿಹಿ ಬೇಕು ಅನ್ಸುತ್ತಾ?’ ನಾನು ಮಾತಾಡಲಿಲ್ಲ.

ಇದು 1961ರಿಂದ ಬಳಕೆಯಲ್ಲಿರುವ, ಮೊದಲು ಖಿನ್ನತೆಗೆ ಅಂತ ಬಂದ ಔಷಧಿ. ಸಣ್ಣ ಪ್ರಮಾಣದಲ್ಲಿ ಮೈಗ್ರೇನ್ ತಡೆಯುತ್ತದೆ. ಕೆಲವು ಅಲರ್ಜಿ ಮಾತ್ರೆ ನುಂಗಿದರೆ ತೂಕಡಿಕೆ ಬರುತ್ತದಲ್ಲ, ಹಿಸ್ಟಮಿನ್ ಎಂಬ ಮೈಯೊಳಗಿನ ರಾಸಾಯನಿಕವನ್ನು ತಡೆಯುವ ಆ ಗುಣ ಇದಕ್ಕೂ ಇದೆ. ಮಿದುಳಿನಲ್ಲಿ ಹಸಿವನ್ನು ತಗ್ಗಿಸುವುದರಲ್ಲಿ ಹಿಸ್ಟಮಿನ್‌ಗೂ ಪಾಲಿದೆ. ಅದಕ್ಕೆ ತಡೆ ಬಿದ್ದರೆ ಹಸಿವು ಹೆಚ್ಚುತ್ತದೆ. ಎಲ್ಲರಿಗೂ ಹೀಗಾಗಬೇಕೆಂದಿಲ್ಲ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ಗಳು, ಇನ್ಸುಲಿನ್, ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್, ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪೈನ್ ಕೂಡ ತೂಕ ಏರಿಸಬಲ್ಲವು ಅಂದರು. ಮಾತ್ರೆ ಬರೆದುಕೊಟ್ಟ ದಿನ ನನಗೆ ಯಾರೂ ಇದನ್ನು ಹೇಳಿರಲಿಲ್ಲ. ‘ನಿದ್ದೆ ಬರಬಹುದು’ ಅಂದಿದ್ದರು, ಅಷ್ಟೇ.

‘ಆದ್ರೆ ನಾನು ತಿನ್ನೋದು ಎಲ್ಲಾ ಆರೋಗ್ಯಕರವಾದದ್ದೇ ಡಾಕ್ಟ್ರೇ’ ಅಂದೆ. ಅವರು ವಾದಕ್ಕಿಳಿಯದೆ ಒಂದು ಚೀಟಿಯ ಮೇಲೆ ಲೆಕ್ಕ ಬರೆದರು. ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ, ಅದು ಎಷ್ಟೇ ಒಳ್ಳೆಯ ಎಣ್ಣೆಯಾಗಿರಲಿ. ಒಂದು ಕಿಲೋ ಕೊಬ್ಬಿನಲ್ಲಿರುವುದು ಹತ್ತಿರಹತ್ತಿರ 7700 ಕ್ಯಾಲೊರಿ. ದಿನಕ್ಕೆ ನೂರು ಕ್ಯಾಲೊರಿ ಹೆಚ್ಚಾದರೆ ವರ್ಷಕ್ಕೆ ನಾಲ್ಕು ಕಿಲೋ ದಾಟುತ್ತದೆ. ಇದು ಕಾಗದದ ಲೆಕ್ಕ. ಮೈ ದಪ್ಪಗಾದಂತೆ ಅದರ ಖರ್ಚೂ ಏರುವುದರಿಂದ ನಿಜದಲ್ಲಿ ಅಷ್ಟಾಗುವುದಿಲ್ಲ. ಆದರೂ ಹಿಡಿ ಬಾದಾಮಿ ಹಿಡಿ ತುಂಬಿ ಹೊರಚೆಲ್ಲುವಷ್ಟಾಗಲು ಹಸಿವು ಒಂದು ಚೂರು ಹೆಚ್ಚಾದರೆ ಸಾಕು.

ಆಮೇಲೆ ಇದನ್ನೇ ಓದುತ್ತಾ ಕೂತಾಗ 1992ರ ಒಂದು ಅಧ್ಯಯನ ಕಣ್ಣಿಗೆ ಬಿತ್ತು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಹತ್ತು ಮಂದಿಯನ್ನು ಪರೀಕ್ಷಿಸಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ್ದು. ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು, ಮಾಡಿದ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದರು. ದಪ್ಪಗಿರುವವರನ್ನು ಹಂಗಿಸುವವರ ಕೈಗೆ ಸಿಕ್ಕ ದೊಣ್ಣೆ ಇದು. ನನಗೇನೋ ಅದರಲ್ಲಿ ಕಳ್ಳತನ ಕಾಣುವುದಿಲ್ಲ. ಹಸಿದ ಮನುಷ್ಯನ ಕಣ್ಣಳತೆ ಸುಳ್ಳು ಹೇಳುತ್ತದೆ, ಬಾಯಿ ಹೇಳಬೇಕೆಂದಿಲ್ಲ. ಇನ್ನು ಆ ಹಸಿವಿಗೆ ಮಾತ್ರೆಯೇ ಕಾರಣವಾಗಿದ್ದರೆ ‘ಬಾಯಿ ಕಟ್ಟು’ ಎಂಬ ಬುದ್ಧಿವಾದಕ್ಕೆ ಯಾವ ಬೆಲೆ?

ಹೊರಡುವ ಮುಂಚೆ ಡಾಕ್ಟರು ಗಟ್ಟಿಯಾಗಿ ಹೇಳಿದ್ದು ಒಂದೇ: ‘ಮನೆಗೆ ಹೋಗಿ ಮಾತ್ರೆ ನಿಲ್ಲಿಸ್ಬಿಡಬೇಡಿ.’ ಬರೆದುಕೊಟ್ಟವರಿಗೆ ಕಾಗದ ಕೊಟ್ಟು ಕಳಿಸಿದರು. ಪ್ರಮಾಣ ಮೆಲ್ಲಗೆ ಇಳಿಸುತ್ತಾ ಬಂದು ಟೊಪಿರಾಮೇಟ್ ಎಂಬ ಬೇರೆ ಮಾತ್ರೆಗೆ ಬದಲಾಯಿಸಿದರು. ನಡುವಿನ ಆ ದಿನಗಳಲ್ಲಿ ತಲೆನೋವು ಬಡ್ಡಿ ಸಮೇತ ವಾಪಸು ಬಂತು. ಪರದೆ ಎಳೆದ ಕೋಣೆಯಲ್ಲಿ ಮಲಗಿ, ಇದಕ್ಕಿಂತ ನಾಲ್ಕು ಕಿಲೋ ಹೊತ್ತುಕೊಂಡು ತಿರುಗುವುದೇ ವಾಸಿಯಿತ್ತಲ್ಲ ಅಂತ ಗೊಣಗಿದ್ದೇನೆ.

ಈಗ ತೂಕ ಏರುವುದು ನಿಂತಿದೆ. ಎರಡು ಕಿಲೋ ಇಳಿದಿದೆ, ಉಳಿದದ್ದು ಹಾಗೇ ಇದೆ. ತಲೆನೋವು ಬರುವುದು ಅಪರೂಪ. ಆದರೆ ಹೊಸ ಮಾತ್ರೆಗೂ ಅದರದೇ ಕಾಟವಿದೆ: ಬೆರಳ ತುದಿ ಜುಮ್ಮೆನ್ನುತ್ತದೆ, ಸೋಡಾ ಕುಡಿದರೆ ರುಚಿಯೇ ಕೆಟ್ಟಿರುತ್ತದೆ, ಮಾತಿನ ನಡುವೆ ಗೊತ್ತಿರುವ ಪದವೇ ಕೈಕೊಡುತ್ತದೆ. ಸೋಡಾ ಹೋದರೆ ಹೋಗಲಿ, ಪದ ಹೋಗುವುದು ಕಷ್ಟ. ಮುಂದಿನ ಸಲ ಹೋದಾಗ ಡೋಸ್ ಇಳಿಸಬಹುದೇ ಅಂತ ಕೇಳಬೇಕು.